ಮಗಳ ವಿಮೆಯಲ್ಲಿ ನನ್ನ ಹೆಸರು

ನನ್ನ ಎದೆಯ ಎಡಭಾಗದಲ್ಲಿ, ಹೆಗಲಿನ ಎಲುಬಿನ ಕೆಳಗೆ, ಚರ್ಮದೊಳಗೆ ಒಂದು ಸಣ್ಣ ಡಬ್ಬಿ ಇದೆ. ಬೆರಳಾಡಿಸಿದರೆ ಸಿಗುತ್ತದೆ. ಹೃದಯ ತನ್ನ ಕೆಲಸ ಮರೆತಾಗಲೆಲ್ಲ ನೆನಪು ಮಾಡಿಕೊಡುವುದು ಅದರ ಕೆಲಸ. ಪೇಸ್‌ಮೇಕರ್ ಎನ್ನುತ್ತಾರೆ. ಹಾಕಿಸಿಕೊಂಡು ವರ್ಷದ ಮೇಲಾಯಿತು. ಈಗ ದೇವದುರ್ಗದ ಬಸ್ ನಿಲ್ದಾಣದಿಂದ ನಮ್ಮ ಮನೆಯವರೆಗೆ ಎಲ್ಲೂ ನಿಲ್ಲದೆ ನಡೆಯುತ್ತೇನೆ, ದಾರಿಯಲ್ಲಿ ಒಬ್ಬಿಬ್ಬರ ಜೊತೆ ಜಗಳವನ್ನೂ ಆಡುತ್ತೇನೆ. ರಾಯಚೂರಿನ ಆಸ್ಪತ್ರೆಗೆ ತಪಾಸಣೆಗೆ ಹೋದಾಗ, ಕಾಯುವ ಕುರ್ಚಿಗಳಲ್ಲಿ ಹೊಸದಾಗಿ ಬಂದು ಕೂತವರು ನನ್ನ ಅಂಗಿಯ ಕಡೆಗೇ ನೋಡುತ್ತ, "ಭಾಳ ನೋವಾಗ್ತದೇನ್ರಿ?" ಎಂದು ಕೇಳುತ್ತಾರೆ. ನೋವಿನ ಬಗ್ಗೆ ಹೇಳಲು ನನ್ನ ಹತ್ತಿರ ಹೆಚ್ಚೇನಿಲ್ಲ. ಹೇಳಬೇಕಾದದ್ದು ನನ್ನ ಹಟದ ಬಗ್ಗೆ. ಅದು ಕುರ್ಚಿಯಲ್ಲಿ ಕೂತು ಹೇಳಿ ಮುಗಿಸುವ ಮಾತಲ್ಲ ಎಂದು ಇಲ್ಲಿ ಬರೆಯುತ್ತಿದ್ದೇನೆ.

ದೇವದುರ್ಗದಲ್ಲಿ ನನ್ನದೊಂದು ಸಣ್ಣ ಪ್ರಿಂಟಿಂಗ್ ಪ್ರೆಸ್. ನನ್ನದು ಅನ್ನುವುದು ಬೋರ್ಡಿನ ಮೇಲೆ ಮಾತ್ರ, ನಡೆಸುವವನು ಖಾಜಾ. ಇಪ್ಪತ್ತೈದು ವರ್ಷ ನನ್ನ ಕೈಕೆಳಗೆ ದುಡಿದವನು, ಕಂಪ್ಯೂಟರ್ ಬಂದ ಮೇಲೆ ನಾನೇ ಅವನ ಕೈಕೆಳಗಾದೆ. ಲಗ್ನಪತ್ರಿಕೆ, ರಸೀದಿ ಪುಸ್ತಕ, ಅಂಗಡಿ ಉದ್ಘಾಟನೆಯ ಕರಪತ್ರ, ಇವೇ ನಮ್ಮ ಕೆಲಸ. ಬೆಳಿಗ್ಗೆ ಹೋಗಿ ಕುರ್ಚಿಯಲ್ಲಿ ಕೂತು ಅಚ್ಚಾದದ್ದರಲ್ಲಿ ತಪ್ಪು ಹುಡುಕುವುದು, ಸಿಕ್ಕರೆ ಖಾಜಾನನ್ನು ಬೈಯುವುದು, ಸಿಗದಿದ್ದರೆ ಚಹಾ ತರಿಸುವುದು ನನ್ನ ದಿನಚರಿ. ನಮಗೆ ಒಬ್ಬಳೇ ಮಗಳು, ನೀಲಾ. ಮಾನ್ವಿಗೆ ಕೊಟ್ಟಿದ್ದೇವೆ. ಅಳಿಯ ಬಸವರಾಜ ಅಲ್ಲಿ ಪಂಪ್‌ಸೆಟ್ ಸಾಮಾನಿನ ಅಂಗಡಿ ಇಟ್ಟಿದ್ದಾನೆ. ನೀಲಾ ಅದೇ ಊರಿನ ಒಂದು ಬ್ಯಾಂಕಿನಲ್ಲಿ ಕ್ಲಾರ್ಕ್. ಅವಳ ಅತ್ತೆ ಅಯ್ಯಮ್ಮನವರಿಗೆ ಗಂಡ ತೀರಿಕೊಂಡು ಬಹಳ ವರ್ಷಗಳಾಗಿವೆ.

ಕೆಲಸ ಸಿಕ್ಕ ಹೊಸದರಲ್ಲಿ ಒಂದು ದಿನ ನೀಲಾ ಫೋನ್ ಮಾಡಿದಳು.

"ಯಪ್ಪಾ, ನಿಂದು, ಅವ್ವಂದು ಆಧಾರ್ ಕಾರ್ಡಿನ ಫೋಟೋ ಕಳಸು. ಬ್ಯಾಂಕಿನ ಇನ್ಶೂರೆನ್ಸ್‌ನ್ಯಾಗ ನಿಮ್ಮ ಹೆಸರು ಹಾಕಾಕತ್ತೀನಿ."

"ನಮ್ದ್ಯಾಕ? ನಿಮ್ಮ ಅತ್ತಿದು ಹಾಕು."

"ಎರಡೂ ಕಡಿಯವರದು ಹಾಕಾಕ ಬರಂಗಿಲ್ಲಂತ. ಅವಲಂಬಿತರು ಅಂತ ಒಂದು ಕಲಂ ಅದ. ತಂದಿ-ತಾಯಿ, ಇಲ್ಲಾಂದ್ರ ಅತ್ತಿ-ಮಾವ. ಯಾರರೆ ಒಂದು ಕಡಿಯವರು."

ಅವಲಂಬಿತರು ಎಂಬ ಮಾತು ಕೇಳಿದ್ದೇ ನನಗೆ ಮೈಯೆಲ್ಲ ಉರಿದುಹೋಯಿತು. ಕೊಟ್ಟ ಮಗಳು ಕೊಟ್ಟ ಮನೆಯವಳು. ಅವಳ ಪಗಾರದಲ್ಲಿ, ಅವಳ ಕಾಗದಪತ್ರದಲ್ಲಿ ತವರಿನವರು ಕೈಹಾಕಿದರೆ ಬೀಗರ ಮುಂದೆ ತಲೆ ಎತ್ತುವುದು ಹೇಗೆ? "ನಾನೇನು ನಿನ್ನ ಮ್ಯಾಲೆ ಬಿದ್ದೀನೇನು? ನಿಮ್ಮ ಅತ್ತಿದು ಹಾಕು, ಮಾತು ಮುಗೀತು," ಎಂದು ಫೋನಿಟ್ಟೆ. ಪಕ್ಕದಲ್ಲಿ ಕೂತಿದ್ದ ನನ್ನ ಹೆಂಡತಿ ಶರಣಮ್ಮ ಅವರೆಕಾಯಿ ಬಿಡಿಸುತ್ತಲೇ ಇದ್ದಳು.

ಅಲ್ಲಿಗೆ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಆದರೆ ಮಗಳು ನನ್ನ ಮಾತು ಮೀರಿ ಹೆಸರು ಹಾಕಿಬಿಟ್ಟಾಳು ಎಂಬ ಅನುಮಾನ. ಮರುದಿನ ಪ್ರೆಸ್ಸಿನ ಲೆಟರ್‌ಹೆಡ್ಡಿನ ಮೇಲೆ ಬ್ಯಾಂಕಿನ ಮ್ಯಾನೇಜರರಿಗೆ ಒಂದು ಪತ್ರ ಅಚ್ಚು ಹಾಕಿಸಿದೆ. "ನಾನು ಸ್ವಂತ ದುಡಿಮೆಯವನು. ನನ್ನ ಮಗಳ ಮೇಲೆ ಯಾವುದೇ ರೀತಿಯಲ್ಲಿ ಅವಲಂಬಿತನಲ್ಲ. ಆಕೆಯ ವಿಮೆಯಲ್ಲಿ ನನ್ನ ಹಾಗೂ ನನ್ನ ಪತ್ನಿಯ ಹೆಸರನ್ನು ಸೇರಿಸಬಾರದೆಂದು ವಿನಂತಿ." ಖಾಜಾ ಟೈಪ್ ಮಾಡುತ್ತ ಮಾಡುತ್ತ ಎರಡು ಸಲ ನನ್ನ ಮುಖ ನೋಡಿದ.

"ಮಾಲಕರ, ಇದು ಬ್ಯಾಡ್ರಿ. ಮಗಳು ಪ್ರೀತೀಲೆ ಮಾಡಾಕತ್ತಾಳ."

"ನಿನಗ ಟೈಪ್ ಮಾಡು ಅಂದೆ, ಸಲಹಾ ಕೊಡು ಅನಲಿಲ್ಲ."

ನೀಲಾ ರಜೆಯಲ್ಲಿದ್ದ ದಿನ ನೋಡಿ ಮಾನ್ವಿಗೆ ಬಸ್ಸು ಹತ್ತಿದೆ, ಮ್ಯಾನೇಜರರ ಕೈಗೇ ಕೊಟ್ಟೆ, ನನ್ನ ಪ್ರತಿಯ ಮೇಲೆ ಸ್ವೀಕರಿಸಿದ ಮೊಹರು ಹಾಕಿಸಿಕೊಂಡೆ. ಅವರು ಪತ್ರ ಓದಿ ನಕ್ಕರು, ಬಂದ ಕಾಗದವನ್ನೆಲ್ಲ ಫೈಲಿಗೆ ಸೇರಿಸುವ ರೂಢಿಯಂತೆ ಅದನ್ನೂ ನೀಲಾಳ ಫೈಲಿಗೆ ಸೇರಿಸಿದರು. ಏನೋ ದೊಡ್ಡ ಮರ್ಯಾದೆ ಉಳಿಸಿಕೊಂಡವನಂತೆ ನಾನು ಊರಿಗೆ ಬಂದೆ.

ಎರಡು ವರ್ಷ ಕಳೆಯಿತು. ಆ ಬೇಸಿಗೆಯಲ್ಲಿ ನನಗೆ ಆಗಾಗ ಕಣ್ಣು ಕತ್ತಲೆ ಬರತೊಡಗಿತು. ರಾಯಚೂರು ಜಿಲ್ಲೆಯ ಬಿಸಿಲಿಗೆ ಯಾರಿಗೆ ಬರುವುದಿಲ್ಲ ಎಂದು ನಿಂಬೆಹಣ್ಣಿನ ಪಾನಕ ಕುಡಿದೆ. ಪಿತ್ತ ಇರಬೇಕು ಎಂದು ಜೀರಿಗೆ ಕಷಾಯ ಕುಡಿದೆ. ಎರಡು ಮೆಟ್ಟಿಲು ಹತ್ತಿದರೆ ಏದುಸಿರು. ವಯಸ್ಸು ಎಂದುಕೊಂಡೆ. ಶರಣಮ್ಮ ದವಾಖಾನೆಗೆ ಹೋಗೋಣ ಎಂದಾಗಲೆಲ್ಲ ಅವಳ ಮೇಲೆ ರೇಗಿದೆ. ಒಂದು ಬೆಳಿಗ್ಗೆ ಪ್ರೆಸ್ಸಿನಲ್ಲಿ ಯಾರದೋ ಲಗ್ನಪತ್ರಿಕೆ ಹಿಡಿದು ಮುಹೂರ್ತದ ಸಾಲು ಓದುತ್ತಿದ್ದೆ. ಮುಂದಿನ ನೆನಪೆಂದರೆ ನಾನು ನೆಲದ ಮೇಲಿದ್ದೇನೆ, ನನ್ನ ತಲೆ ಖಾಜಾನ ತೊಡೆಯ ಮೇಲಿದೆ, ಅವನು ನನ್ನ ಮುಖಕ್ಕೆ ನೀರು ಹಾಕುತ್ತ ಅಲ್ಲಾನನ್ನೂ ನನ್ನನ್ನೂ ಒಟ್ಟಿಗೇ ಕರೆಯುತ್ತಿದ್ದಾನೆ.

ಊರಿನ ಆಸ್ಪತ್ರೆಯ ಡಾಕ್ಟರು ನಾಡಿ ಹಿಡಿದು ಎಣಿಸಿದರು. ಮತ್ತೊಮ್ಮೆ ಎಣಿಸಿದರು. ಗಡಿಯಾರ ನಿಂತಿದೆಯೇನೋ ಎಂಬಂತೆ ತಮ್ಮ ಕೈಗಡಿಯಾರ ಕಿವಿಗೆ ಹಿಡಿದರು. ಇಸಿಜಿ ಪಟ್ಟಿ ಹೊರಬಂದ ಮೇಲೆ ಅವರ ದನಿಯೇ ಬದಲಾಯಿತು. "ಎದಿ ಬಡಿತ ಭಾಳ ಕಡಿಮಿ ಆಗ್ಯಾದ. ಇಲ್ಲಿ ಇಟ್ಕೊಳ್ಳಾಕ ಬರಂಗಿಲ್ಲ. ರಾಯಚೂರಿಗೆ ಹೊರಡ್ರಿ, ಈಗಿಂದೀಗ." ಆಂಬ್ಯುಲೆನ್ಸಿನಲ್ಲಿ ಮಲಗಿದಾಗ ನನಗೆ ಮೊದಲ ಸಲ ಹೆದರಿಕೆಯಾಯಿತು. ಖಾಜಾ ಕಾಲು ಹಿಡಿದು ಕೂತಿದ್ದ. ಶರಣಮ್ಮ ನನ್ನ ಒದ್ದೆ ಅಂಗಿಯನ್ನು ಮಡಚುತ್ತಿದ್ದಳು, ಬಿಚ್ಚುತ್ತಿದ್ದಳು, ಮತ್ತೆ ಮಡಚುತ್ತಿದ್ದಳು.

ರಾಯಚೂರಿನ ಆ ಖಾಸಗಿ ಆಸ್ಪತ್ರೆಯಲ್ಲಿ ತೊಡೆಯ ಸಂದಿಯ ರಕ್ತನಾಳದಿಂದ ತೆಳ್ಳನೆಯ ತಂತಿಯೊಂದನ್ನು ಹೃದಯದವರೆಗೆ ಇಳಿಸಿ, ಹೊರಗಿನ ಯಂತ್ರವೊಂದಕ್ಕೆ ಜೋಡಿಸಿದರು. ಇದು ತಾತ್ಕಾಲಿಕ, ಕಾಯಂ ಪೇಸ್‌ಮೇಕರ್ ಹಾಕಬೇಕು, ಆ ಕಾಲು ಅಲ್ಲಾಡಿಸಬಾರದು ಎಂದರು. ಐಸಿಯುವಿನಲ್ಲಿ ಮಲಗಿದವನಿಗೆ ಮಾಡಲು ಬೇರೆ ಕೆಲಸವಿಲ್ಲ. ತಲೆಯ ಮೇಲಿನ ಪರದೆಯ ಮೇಲೆ ಹಸಿರು ಗೆರೆ ಏಳುವುದನ್ನು ನೋಡುತ್ತೇನೆ, ಒಂದು ಎದ್ದ ಮೇಲೆ ಇನ್ನೊಂದು ಏಳುತ್ತದೋ ಇಲ್ಲವೋ ಎಂದು ಕಾಯುತ್ತೇನೆ. ಅರವತ್ತು ದಾಟಿದ ಮನುಷ್ಯ, ನಾಲ್ಕು ಮಂದಿಯ ಮುಂದೆ ಗಟ್ಟಿಯಾಗಿ ಮಾತಾಡುವವನು, ಚಾದರದ ಒಳಗೆ ಕೈಮುಗಿದುಕೊಂಡು ಮಲಗಿದ್ದೆ. ಸಾಯಲು ನನಗೆ ಇಷ್ಟವಿರಲಿಲ್ಲ. ಇದನ್ನು ನಾಚಿಕೆಯಿಲ್ಲದೆ ಹೇಳುತ್ತೇನೆ, ನಿಮಗೂ ಹಾಗೆ ಅನ್ನಿಸಿದರೆ ನಾಚಬೇಡಿ.

ಮಧ್ಯಾಹ್ನದ ಹೊತ್ತಿಗೆ ಮಾನ್ವಿಯಿಂದ ನೀಲಾ, ಬಸವರಾಜ, ಜೊತೆಗೆ ಅಯ್ಯಮ್ಮನವರೂ ಬಂದರು. ಒಬ್ಬೊಬ್ಬರನ್ನೇ ಒಳಗೆ ಬಿಡುತ್ತಿದ್ದರು. ನೀಲಾ ಬಂದು ನನ್ನ ಹಣೆ ಮುಟ್ಟಿ, "ಖರ್ಚಿನ ಚಿಂತಿ ಬ್ಯಾಡ ಯಪ್ಪಾ. ಇನ್ಶೂರೆನ್ಸ್ ಅದ. ಕೌಂಟರಿನ್ಯಾಗ ಕಾಗದ ಕೊಟ್ಟು ಬಂದೀನಿ," ಎಂದಳು.

"ಯಾರ ಇನ್ಶೂರೆನ್ಸು?"

"ನಂದು. ಅದರಾಗ ನಿಮ್ಮ ಹೆಸರದ."

ತಂತಿ ಇರಲಿ, ಯಂತ್ರ ಇರಲಿ, ನನಗೆ ಅಲ್ಲೂ ಸಿಟ್ಟು ಬಂತು. ಬ್ಯಾಡ ಅಂದಿದ್ದೆನಲ್ಲ ಎಂದೆ. ಅವಳು ತಲೆ ತಗ್ಗಿಸಿ ಹೊರಗೆ ಹೋದಳು. ಅವಳ ಬದಲು ಒಳಗೆ ಬಂದವರು ಅಯ್ಯಮ್ಮನವರು. ಗೋಡೆ ಹಿಡಿದುಕೊಂಡು ನಿಧಾನವಾಗಿ ನಡೆದು ಬಂದು ಸ್ಟೂಲಿನ ಮೇಲೆ ಕೂತರು.

"ನನ್ನ ಸೊಸಿನ್ನ ಬೈಬ್ಯಾಡ್ರಿ ಬೀಗರ. ಹೆಸರು ಹಾಕಿಸಿದಾಕಿ ನಾನು. ಫಾರಂ ಹಿಡ್ಕೊಂಡು ಅಳಕೋತ ಕುಂತಿದ್ಲು. ಯಾಕಂದೆ. ನಮ್ಮಪ್ಪ ಬ್ಯಾಡ ಅಂತಾನ ಅಂದ್ಲು. ನಿಮ್ಮಪ್ಪನ್ನ ಕೇಳ್ದೋರ‍್ಯಾರು, ಬರಿ ಅಂದೆ."

"ಅದು ನಿಮ್ಮ ಜಾಗ ಆಗಿತ್ತಲ್ರಿ."

"ನನಗ ಮಗ ಅದಾನ. ನಿಮಗ ಗಂಡಮಗ, ಹೆಣ್ಣಮಗಳು ಎಲ್ಲಾ ಅಕಿನಽ. ಸುಮ್ನ ಮಕ್ಕೋರಿ."

ಬೀಗರು ಬೀಗರನ್ನು ಆಡಿಕೊಂಡು ನಗುವುದು ನಮ್ಮ ಕಡೆ ಪದ್ಧತಿ. ಮದುವೆಯಲ್ಲಿ ಊಟಕ್ಕೆ ಕೂತಾಗ ಅವರು ನನ್ನನ್ನು ಬೇಕಾದಷ್ಟು ಗೋಳುಹೊಯ್ದುಕೊಂಡಿದ್ದರು, ನಾನೂ ಬಿಟ್ಟಿರಲಿಲ್ಲ. ಅಂದು ಮಾತ್ರ ಅವರು ಹೇಳಿದಂತೆ ಕಣ್ಣು ಮುಚ್ಚಿ ಮಲಗಿದೆ.

ಮರುದಿನ ಬೆಳಿಗ್ಗೆ ಇನ್ಶೂರೆನ್ಸ್ ಕೌಂಟರಿನ ಹುಡುಗಿ ಫೋನ್ ಹಿಡಿದುಕೊಂಡು ನನ್ನ ಹಾಸಿಗೆಯ ಹತ್ತಿರವೇ ಬಂದಳು. ಹಿಂದೆ ನೀಲಾ ನಿಂತಿದ್ದಳು, ಅವಳ ಮುಖದಲ್ಲಿ ರಕ್ತವಿರಲಿಲ್ಲ.

"ಅಂಕಲ್, ಕಂಪನಿಯವರು ಒಂದು ಪ್ರಶ್ನಿ ಕಳಿಸ್ಯಾರ‍್ರಿ. ಬ್ಯಾಂಕಿನಿಂದ ತರಿಸಿದ ಮೇಡಮ್ಮೋರ ಫೈಲಿನಾಗ ಈ ಕಾಗದ ಅದ ಅಂತ. ಇದು ನಿಮ್ಮದಽ ಸಹಿ ಏನ್ರಿ?"

ಫೋನಿನ ಪರದೆಯ ಮೇಲೆ ನನ್ನ ಲೆಟರ್‌ಹೆಡ್ಡು. ಅಚ್ಚುಕಟ್ಟಾದ ಅಕ್ಷರ, ಒಂದೂ ತಪ್ಪಿಲ್ಲ. ಕೆಳಗೆ ನನ್ನ ಸಹಿ. ನನ್ನ ಎದೆ ಧಸಕ್ಕೆಂದಿತು, ಪರದೆಯ ಮೇಲೂ ಅದು ಕಂಡಿರಬೇಕು, ನರ್ಸು ತಿರುಗಿ ನೋಡಿದಳು. ತಾನು ಅವಲಂಬಿತನಲ್ಲ ಎಂದು ರೋಗಿಯೇ ಬರೆದುಕೊಟ್ಟಿರುವಾಗ ಒಪ್ಪಿಗೆ ಕೊಡುವುದು ಹೇಗೆ ಎಂದು ಕಂಪನಿ ಕೇಳುತ್ತಿತ್ತು. ಕೇಳುವುದರಲ್ಲಿ ತಪ್ಪೇನೂ ಇರಲಿಲ್ಲ. ಆ ಪತ್ರವನ್ನು ಹಿಂದಕ್ಕೆ ಪಡೆದು, ಇರುವ ಸಂಗತಿಯನ್ನು ನಾನೇ ಬರೆದು ಸಹಿ ಮಾಡಬೇಕು, ಬ್ಯಾಂಕಿನ ಮ್ಯಾನೇಜರರೂ ಹೌದೆನ್ನಬೇಕು. ಡಾಕ್ಟರು ನೇರವಾಗಿ ಹೇಳಿದರು. ತಾತ್ಕಾಲಿಕ ತಂತಿಯನ್ನು ಬಹಳ ದಿನ ಇಡುವಂತಿಲ್ಲ, ಸೋಂಕು ತಗುಲಬಹುದು, ಸರಿದುಬಿಡಲೂಬಹುದು. ದುಡ್ಡಿನ ಸಲುವಾಗಿ ಇಲ್ಲಿ ಆಗದಿದ್ದರೆ ಕಲಬುರಗಿಯ ಸರ್ಕಾರಿ ಆಸ್ಪತ್ರೆಗೆ ಕಳಿಸುತ್ತೇವೆ, ಆದರೆ ಈ ತಂತಿ ಇಟ್ಟುಕೊಂಡು ಅಷ್ಟು ದೂರ ಕಳಿಸಲು ನನಗೆ ಮನಸ್ಸಿಲ್ಲ ಎಂದರು.

ನೀಲಾ ಯಾರಿಗೋ ಫೋನ್ ಮಾಡಿ ತನ್ನ ಬಳೆಗಳನ್ನು ಅಡವಿಡುವ ಮಾತಾಡುತ್ತಿದ್ದಾಳೆ ಎಂದು ಶರಣಮ್ಮ ಬಂದು ಹೇಳಿದಳು. ಹೇಳಿ ಹೋಗಲಿಲ್ಲ, ನಿಂತಳು.

"ಒಂದು ಮಾತು ಕೇಳ್ರಿ," ಅಂದಳು. "ಎರಡು ವರ್ಷ ಆತು, ಮನಿ ಕಿರಾಣಿ, ಕರೆಂಟ್ ಬಿಲ್ಲು, ನಿಮ್ಮ ಬಿಪಿ ಗುಳಿಗಿ, ಎಲ್ಲಾ ನಡಸಾಕತ್ತಾಕಿ ಅಕಿನಽ. ಖಾಜಾ ಕೊಡೂದು ನಿಮ್ಮ ಚಹಾಕ್ಕ ಸಾಲಂಗಿಲ್ಲ. ನಿಮಗ ಗೊತ್ತಿಲ್ಲೇನು?"

ನನಗೆ ಗೊತ್ತಿರಲಿಲ್ಲ ಎಂದಲ್ಲ. ನಾನು ಕೇಳಿರಲಿಲ್ಲ, ಅಷ್ಟೇ. ಕೇಳಿದರೆ ಉತ್ತರ ಬರುತ್ತದೆ ಎಂದು ಕೇಳಿರಲಿಲ್ಲ. ಸ್ವಂತ ದುಡಿಮೆಯವನು ಎಂದು ಅಚ್ಚು ಹಾಕಿಸಿದ ಆ ಪತ್ರದಲ್ಲಿ ಅಕ್ಷರ ತಪ್ಪು ಒಂದೂ ಇರಲಿಲ್ಲ, ಸುಳ್ಳು ಮಾತ್ರ ಇತ್ತು.

ಕೌಂಟರಿನ ಹುಡುಗಿ ಬಿಳಿ ಹಾಳೆ, ಪೆನ್ನು, ಕೆಳಗಿಡಲು ಒಂದು ರಟ್ಟು ತಂದುಕೊಟ್ಟಳು. ಬಲಗೈಗೆ ಸೂಜಿ ಚುಚ್ಚಿದ್ದರು, ಆದರೂ ಬರೆಯಬಹುದಿತ್ತು. ಹಾಳೆ ಹಿಡಿದು ಮಲಗಿದೆ. ಇಷ್ಟು ವರ್ಷ ಮಂದಿಯ ಸಲುವಾಗಿ ಎಷ್ಟು ವಿನಂತಿ, ಎಷ್ಟು ಆಮಂತ್ರಣ ಬರೆದುಕೊಟ್ಟಿದ್ದೇನೋ, ಈ ಎರಡು ಸಾಲು ಕೈಗೆ ಹತ್ತಲಿಲ್ಲ. ಅಯ್ಯಮ್ಮನವರು ಸ್ಟೂಲಿನ ಮೇಲೆ ಕೂತು ನೋಡಿದರು, ನೋಡಿದರು.

"ಊರ ಮಂದಿ ಲಗ್ನಕ್ಕೆಲ್ಲ ಬರ‍್ಕೊಟ್ಟೀರಿ. ನಿಮ್ಮ ಜೀವಕ್ಕ ಎರಡು ಸಾಲು ಬರಿಯಾಕ ಬರಂಗಿಲ್ಲೇನ್ರಿ ಬೀಗರ?"

"ಬರಿಯಾಕ ಬರ್ತದ್ರಿ. ಮನಸ್ಸು ಬರವಲ್ದು."

"ಮನಸ್ಸು ಆಮ್ಯಾಲೆ ಬರ್ತದ. ಮೊದಲು ಸಹಿ ಮಾಡ್ರಿ."

ನಗು ಬಂತು. ನಕ್ಕರೆ ಕಾಲು ಅಲುಗುತ್ತದೆ ಎಂದು ನರ್ಸು ಗದರಿದಳು. ಆ ನಗುವಿನಲ್ಲೇ ಬರೆದೆ. "ನನ್ನ ಹಿಂದಿನ ಪತ್ರವನ್ನು ರದ್ದುಪಡಿಸಬೇಕಾಗಿ ವಿನಂತಿ. ನಾನು ಮತ್ತು ನನ್ನ ಪತ್ನಿ ನಮ್ಮ ಮಗಳು ನೀಲಾಳ ಮೇಲೆ ಅವಲಂಬಿತರಾಗಿದ್ದೇವೆ." ಅಕ್ಷರ ಸೊಟ್ಟಗಿದ್ದವು, ಸಾಲು ಕೆಳಕ್ಕಿಳಿದಿತ್ತು. ಖಾಜಾ ನೋಡಿದ್ದರೆ ವಾಪಸು ಕೊಡುತ್ತಿದ್ದ. ನೀಲಾ ಆ ಹಾಳೆ ತೆಗೆದುಕೊಂಡು ಓದಿದಳು, ಹೊರಗೆ ಓಡಿದಳು. ಮ್ಯಾನೇಜರರು ತಮ್ಮ ಕಡೆಯಿಂದ ಬರೆದು ಕಳಿಸಿದರು. ಮಧ್ಯಾಹ್ನವಿಡೀ ಕಾದೆವು. ಹೊರಗಿನ ಕುರ್ಚಿಗಳಲ್ಲಿ ಶರಣಮ್ಮನ ಪಕ್ಕ ಯರಗೇರಾದ ಒಬ್ಬ ಹೆಣ್ಣುಮಗಳು ಕೂತಿದ್ದಳಂತೆ, ಅವಳ ಗಂಡನೂ ಒಳಗಿದ್ದ. ಗುರುತಿಲ್ಲ ಪರಿಚಯವಿಲ್ಲ, ತನ್ನ ಬುತ್ತಿಯಲ್ಲಿ ಅರ್ಧ ಇವಳಿಗೆ ಕೊಟ್ಟು, ತಿನ್ನುವವರೆಗೆ ಬಿಡಲಿಲ್ಲವಂತೆ. ಸಂಜೆ ಐದರ ಹೊತ್ತಿಗೆ ಒಪ್ಪಿಗೆ ಬಂತು. ಗಾಜಿನ ಆಚೆಯಿಂದ ಕೌಂಟರಿನ ಹುಡುಗಿ ನನಗೆ ಕೈ ಎತ್ತಿ ತೋರಿಸಿದಳು.

ಮರುದಿನ ಬೆಳಿಗ್ಗೆ ಪೇಸ್‌ಮೇಕರ್ ಹಾಕಿದರು. ಎಚ್ಚರವಾಗಿಯೇ ಇದ್ದೆ, ಆ ಜಾಗವಷ್ಟೇ ಮರಗಟ್ಟಿತ್ತು. ಒತ್ತುವುದು, ಎಳೆಯುವುದು ತಿಳಿಯುತ್ತಿತ್ತು, ನೋವಿರಲಿಲ್ಲ. ಮುಖಕ್ಕೆ ಬಟ್ಟೆ ಹೊದಿಸಿದ್ದರು. ಅದರಾಚೆ ಡಾಕ್ಟರು ಮತ್ತು ಅವರ ಸಹಾಯಕರು ಮಾವಿನಹಣ್ಣಿನ ವಿಷಯ ಮಾತಾಡುತ್ತಿದ್ದರು, ಈ ಸಲ ಹಣ್ಣು ಹುಳಿಯಂತೆ. ಮಾವಿನಹಣ್ಣಿನ ಮಾತು ಬರುವಂತಿದ್ದರೆ ಎಲ್ಲ ಸರಿಯಾಗಿಯೇ ನಡೆದಿರಬೇಕು ಎಂದು ನನಗೆ ಧೈರ್ಯ ಬಂತು. ಹೊರಗೆ ತಂದ ಮೇಲೆ ಪರದೆ ನೋಡಿದೆ. ಗೆರೆಗಳು ಒಂದರ ಹಿಂದೆ ಒಂದು, ಒಂದೇ ಅಂತರದಲ್ಲಿ ಏಳುತ್ತಿದ್ದವು. ಮೂರು ದಿನದಲ್ಲಿ ಮೊದಲ ಸಲ ಅದರಿಂದ ಕಣ್ಣು ತೆಗೆದು, ನಿದ್ದೆ ಹೋದೆ.

ಬಿಡುಗಡೆಯಾದ ಮೇಲೆ ದೇವದುರ್ಗಕ್ಕೆ ಹೋಗುತ್ತೇನೆಂದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ, ಕಾರು ಮಾನ್ವಿಯ ದಾರಿ ಹಿಡಿಯಿತು. ನಮ್ಮ ಮನೆತನದಲ್ಲಿ ಮಗಳಿಗೆ ಮಗುವಾಗುವವರೆಗೆ ತಂದೆತಾಯಿ ಅವಳ ಮನೆಯಲ್ಲಿ ಉಣ್ಣುವ ಹಾಗಿಲ್ಲ. ನೀಲಾಳನ್ನು ನೋಡಲು ಹೋದಾಗೆಲ್ಲ ನಾನು ಮೊದಲು ಬಸ್ ನಿಲ್ದಾಣದ ಎದುರಿನ ಖಾನಾವಳಿಯಲ್ಲಿ ಉಂಡು, ಆಮೇಲೆ ಅವಳ ಮನೆಗೆ ಹೋಗಿ ಹಸಿವಿಲ್ಲ ಅನ್ನುತ್ತಿದ್ದೆ. ಈ ಸಲ ಎಡಗೈ ಕಟ್ಟಿದ್ದರು, ಕೆಲವು ವಾರ ಭುಜದ ಮೇಲೆ ಎತ್ತಬಾರದು. ಖಾನಾವಳಿಗೆ ಹೋಗುವ ಮಾತೇ ಇರಲಿಲ್ಲ. ಮೊದಲ ದಿನ ತಟ್ಟೆಯಲ್ಲಿ ಬಿಸಿ ರೊಟ್ಟಿ, ಪುಂಡಿಪಲ್ಯ, ಬೆಣ್ಣೆ ಬಂತು. ಹಸಿವು ಎಷ್ಟಿತ್ತೆಂದರೆ ಮೂರು ರೊಟ್ಟಿ ಉಂಡ ಮೇಲೆ ಪದ್ಧತಿ ನೆನಪಾಯಿತು. ಶರಣಮ್ಮ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ, ನಾಲ್ಕನೆಯದನ್ನು ಮುರಿದೆ.

ಅಲ್ಲಿದ್ದ ದಿನಗಳಲ್ಲಿ ಒಂದು ಸಂಗತಿ ಗಮನಕ್ಕೆ ಬಂತು. ಅಯ್ಯಮ್ಮನವರು ನೆಲದ ಮೇಲೆ ಕೂಡುತ್ತಿರಲಿಲ್ಲ. ಒಲೆಯ ಮುಂದೆ ಸ್ಟೂಲ್ ಹಾಕಿಕೊಂಡು ರೊಟ್ಟಿ ಬಡಿಯುತ್ತಿದ್ದರು, ಏಳುವಾಗ ಗೋಡೆ ಹಿಡಿದು, ಹಲ್ಲು ಕಚ್ಚಿ ಏಳುತ್ತಿದ್ದರು. ನೀಲಾಳನ್ನು ಕೇಳಿದೆ. ಎರಡೂ ಮೊಣಕಾಲು ಸವೆದಿವೆಯಂತೆ, ಆಪರೇಷನ್ ಮಾಡಿಸಬೇಕೆಂದು ಡಾಕ್ಟರು ಹೇಳಿ ಎರಡು ವರ್ಷವಾಯಿತಂತೆ. ಎರಡು ವರ್ಷ. ಆ ಫಾರಂ ಬಂದ ಹೊತ್ತಿಗೇ. ಬಸವರಾಜ ಈಗ ತಾಯಿಯ ಹೆಸರಿನಲ್ಲಿ ಬೇರೆ ವಿಮೆ ಮಾಡಿಸಿದ್ದಾನೆ, ಆದರೆ ಮೊಣಕಾಲಿಗೆ ಅದು ಸಿಗಲು ಇನ್ನೂ ಕಾಯಬೇಕು. ಅದನ್ನು ಕೇಳಿದ ಮೇಲೆ ನನಗೆ ಕೂತಲ್ಲಿ ಕೂಡಲಾಗಲಿಲ್ಲ. ಅಂದು ಸಂಜೆ ನೀಲಾ ಬ್ಯಾಂಕಿನಿಂದ ಬರುವ ಮೊದಲು ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತೆ.

"ಬೀಗತಿ, ನಿಮಗ ಮೊಣಕಾಲು ಹಿಂಗ ಇತ್ತು ಅಂದಮ್ಯಾಲೆ ನಿಮ್ಮ ಹೆಸರಽ ಹಾಕಬೇಕಿತ್ರಿ. ಯಾಕ ಹಿಂಗ ಮಾಡಿದ್ರಿ?"

"ಮೊಣಕಾಲು ನೋಯ್ತದ್ರಿ, ಜೀವ ತಗಿಯಂಗಿಲ್ಲ."

"ನನಗ ಆವಾಗ ಏನೂ ಆಗಿದ್ದಿಲ್ಲಲ್ಲ. ನಿಮಗೇನು ಕನಸು ಬಿದ್ದಿತ್ತೇನು?"

ಅವರು ರೊಟ್ಟಿಗೆ ನೀರು ಸವರಿದರು.

"ನಮ್ಮಪ್ಪ ಬಾಗಲವಾಡದಾಗಿದ್ದ," ಎಂದರು. "ಹೊಟ್ಟ್ಯಾಗ ಗಡ್ಡಿ ಆತು. ಹೈದರಾಬಾದಿಗೆ ಹೋಗೂಣು, ನನ್ನ ಬಂಗಾರ ಅದ ಅಂದೆ. ಕೊಟ್ಟ ಮಗಳ ಬಂಗಾರ ಮುಟ್ಟಂಗಿಲ್ಲ ಅಂದ. ಭಾಳ ಗಟ್ಟಿ ಮನಷ್ಯಾ, ನಿಮ್ಹಂಗ. ಅಪ್ಪನ ಮಾತು ಮೀರಬಾರದು ಅಂತ ನಾನೂ ಸುಮ್ನಾದೆ. ಆಮ್ಯಾಲೆ ಮಣ್ಣಿಗೆ ಬಂದ ಮಂದಿ ಎಲ್ಲಾ ಹೊಗಳಿದ್ರು. ಎಂಥಾ ಮರ್ಯಾದಿ ಮನಷ್ಯಾ, ಮಗಳ ಹತ್ರ ಒಂದು ಕಡ್ಡಿ ಸುದ್ದಾ ಇಸಗೊಳ್ಳಲಿಲ್ಲ ಅಂದ್ರು." ರೊಟ್ಟಿ ತಿರುವಿ ಹಾಕಿದರು. "ಆ ಬಂಗಾರ ಇನ್ನೂ ನನ್ನ ಕೊಳ್ಳಾಗ ಅದ ನೋಡ್ರಿ. ಒಮ್ಮ್ಯಾರೆ ಜಗಳ ಮಾಡಬೇಕಿತ್ತು ನಾನು."

ಒಲೆಯ ಬಿಸಿಗೆ ಎನ್ನುವಂತೆ ಅವರು ಸೆರಗಿನಿಂದ ಮುಖ ಒರೆಸಿಕೊಂಡರು. ಅಷ್ಟರಲ್ಲಿ ನೀಲಾ ಬಂದಳು. ಚಪ್ಪಲಿ ಬಿಡುತ್ತ ಬಿಡುತ್ತಲೇ ದಿನವೂ ಕೇಳುವ ಹಾಗೆ ಕೇಳಿದಳು.

"ಯಪ್ಪಾ, ಸಂಜಿ ಗುಳಿಗಿ ತೊಗೊಂಡ್ಯಾ?"

ಗುಳಿಗೆಯ ಚೀಲ ನನ್ನ ಬಲಗೈಯ ಹತ್ತಿರವೇ ಇತ್ತು. ನೀರಿನ ತಂಬಿಗೆಯೂ ಇತ್ತು.

"ಇಲ್ಲವಾ," ಅಂದೆ. "ನೀ ಬರ‍್ತಿ ಅಂತ ಕುಂತಿದ್ದೆ. ನೀನಽ ಕೊಡು."